ನಗುವಿನ ವೇಳಾಪಟ್ಟಿ

ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಾಗ ಒಬ್ಬನಿಗೆ ಮಾತ್ರ ನಗು ಬಾರದೇ ಹೋದರೆ ಅದು ರೋಗವೋ ಅಪರಾಧವೋ, ನೀವೇ ಹೇಳಿ. ಬಸ್ ನಿಲ್ದಾಣದ ಟೈಮ್ ಕೀಪರ್ ಮನೆಯಲ್ಲಂತೂ ಅದು ಅಪರಾಧವೆಂದೇ ತೀರ್ಪಾಗಿತ್ತು. ತೀರ್ಪು ಕೊಟ್ಟವಳು ಹೆಂಡತಿ. ಶಿಕ್ಷೆ: ಇನ್ನು ಮೇಲೆ ಅವಳು ಸಿನಿಮಾ ನೋಡುವಾಗ ಅವನು ಪಕ್ಕದಲ್ಲಿ ಕೂರುವಂತಿಲ್ಲ.

"ನಿಮ್ಮ ಪಕ್ಕ ಕೂತು ನಗೋದು ಅಂದ್ರೆ ಸಾವಿನ ಮನೇಲಿ ನಕ್ಕ ಹಾಗಿರುತ್ತೆ ಕಣ್ರೀ. ಭಾನುವಾರ ಅಮ್ಮನೂ ತಮ್ಮನೂ ಬರ್ತಾರೆ, ಅವರ ಜೊತೆ ಇನ್ನೊಂದ್ಸಲ ನೋಡ್ತೀನಿ. ನೀವು ಎಲ್ಲಾದ್ರೂ ಹೋಗಿ ಬನ್ನಿ."

ಇಪ್ಪತ್ತೆರಡು ವರ್ಷಗಳಿಂದ ಸೋಫಾದ ಬಲತುದಿ ಅವನದು, ಎಡತುದಿ ಅವಳದು. (ಸೋಫಾ ಎರಡು ಸಲ ಬದಲಾಗಿದೆ, ತುದಿಗಳು ಬದಲಾಗಿಲ್ಲ.) ಅಂಥ ಪೀಠದಿಂದ ಪದಚ್ಯುತನಾದ ಮೇಲೆ ಗಂಡಸು ಬದುಕಿ ಏನು ಸಾಧಿಸಬೇಕು?

ಇಷ್ಟಕ್ಕೂ ಆ ಚಿತ್ರವಾದರೂ ಎಂಥದ್ದು ಅಂತೀರಿ? ರಾಜರ ಕಾಲದ್ದು. ಆ ಕಾಲದಲ್ಲೇ ಯಾರೋ ಕ್ಯಾಮೆರಾ ಹೊತ್ತುಕೊಂಡು ಅರಮನೆಗೆ ನುಗ್ಗಿ, ಸಿಕ್ಕಸಿಕ್ಕವರನ್ನೆಲ್ಲ ಮಾತಾಡಿಸಿ ಸಾಕ್ಷ್ಯಚಿತ್ರ ಮಾಡಿಕೊಂಡು ಬಂದ ಹಾಗೆ ತೆಗೆದಿದ್ದಾರೆ. ಹೇಳುವುದೆಲ್ಲ ಶುದ್ಧ ಸುಳ್ಳು, ಮುಖಗಳು ಮಾತ್ರ ಕಟಕಟೆಯಲ್ಲಿ ಪ್ರಮಾಣ ಮಾಡಿದವರದು. ಯುದ್ಧದಿಂದ ಓಡಿಬಂದ ಸೇನಾಪತಿ ಕ್ಯಾಮೆರಾವನ್ನೇ ನೋಡುತ್ತಾ, ತಾವು ಹಿಂದೆ ಸರಿದೆವೆಂಬುದು ಅಪಪ್ರಚಾರ, ಮುಂದೆ ಹೋಗುತ್ತಿದ್ದ ದಿಕ್ಕನ್ನಷ್ಟೇ ಬದಲಾಯಿಸಿದೆವು ಅನ್ನುತ್ತಾನೆ. ರಾಜನಿಗೆ ಕೊಡೆ ಹಿಡಿಯುವವನದು ಇನ್ನೊಂದು ಗೋಳು. ರಾಜ ಕುದುರೆಯ ಮೇಲೆ, ತಾನು ಕಾಲ್ನಡಿಗೆಯಲ್ಲಿ. ಕುದುರೆ ಎಷ್ಟು ಓಡಿದರೂ ನೆರಳು ತಪ್ಪಬಾರದಂತೆ. ಅಲ್ಲಿ ಯಾರೂ ನಗುವುದಿಲ್ಲ, ಇಲ್ಲಿ ನಗಬೇಕು ಅಂತ ಸುಳಿವೂ ಕೊಡುವುದಿಲ್ಲ. ಹೆಂಡತಿ ಕೊಡೆಯವನನ್ನು ನೋಡಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಾಗಲೇ ಟೈಮ್ ಕೀಪರ್ ಬಾಯಿಬಿಟ್ಟದ್ದು.

"ಅವನು ಹೇಳೋದ್ರಲ್ಲಿ ತಪ್ಪೇನಿದೆ? ಅರ್ಧ ದಾರಿಗೆ ಬದಲಿ ಆಳು ಕೊಡಬೇಕಾಗಿತ್ತು."

ತೀರ್ಪು ಬಿದ್ದದ್ದು ಆ ಗಳಿಗೆಯಲ್ಲಿ.

ಎರಡು ದಿನ ಅವನು ಅಡುಗೆಮನೆಯಲ್ಲೇ ಊಟ ಮಾಡಿದ. ಬುಧವಾರ ಹೆಂಡತಿ ಪಕ್ಕದ ಮನೆಯ ಟೈಲರಮ್ಮನನ್ನು ಕರೆದು ಅದೇ ಚಿತ್ರ ಹಾಕಿದಳು. ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಟೈಮ್ ಕೀಪರನ ತಲೆಯಲ್ಲಿ ಆಗ ದೀಪ ಹೊತ್ತಿಕೊಂಡಿತು. ಮೂವತ್ತು ವರ್ಷ ಬಸ್ಸು ಬಂದದ್ದು ಹೋದದ್ದನ್ನು ಬರೆದವನಿಗೆ ನಗು ಬಂದದ್ದು ಹೋದದ್ದನ್ನು ಬರೆಯಲು ಏನು ಕಷ್ಟ? ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡ, ಖಾಲಿ ನೋಟ್‌ಪುಸ್ತಕ ತೆರೆದ, ಗೋಡೆಯಾಚೆಯಿಂದ ನಗು ಕೇಳಿದಾಗಲೆಲ್ಲ ನಿಮಿಷ ಗುರುತು ಹಾಕಿಕೊಂಡ. ಸಣ್ಣದಕ್ಕೆ 'ಸಾದಾ', ಜೋರಿನದಕ್ಕೆ 'ಎಕ್ಸ್‌ಪ್ರೆಸ್', ಉಸಿರು ಸಿಕ್ಕಿಕೊಂಡು ಸೋಫಾ ಗುದ್ದುವಂಥದ್ದಕ್ಕೆ 'ತಡೆರಹಿತ'. ಬಟಾಣಿ ಅರ್ಧಕ್ಕೇ ಉಳಿಯಿತು, ಶಾಸ್ತ್ರಗ್ರಂಥ ಸಿದ್ಧವಾಯಿತು.

ಆಮೇಲೆ ಒಂದೇ ಒಂದು ಅವಕಾಶ ಕೊಡು ಅಂತ ಹೆಂಡತಿಯನ್ನು ಗೋಗರೆದ. ನಗಲಿಲ್ಲ ಅಂದರೆ ಮಧ್ಯದಲ್ಲೇ ಎದ್ದು ಹೋಗಬೇಕು ಎಂಬ ಷರತ್ತಿನ ಮೇಲೆ ಅವಳು ಒಪ್ಪಿದಳು.

ಭಾನುವಾರ ಮಧ್ಯಾಹ್ನ ಅತ್ತೆ, ಕನ್ನಡಕದ ಅಂಗಡಿಯ ಬಾಮೈದ, ಹೆಂಡತಿ, ಬಲತುದಿಯಲ್ಲಿ ಇವನು. ಮಡಿಲಲ್ಲಿ ದಿನಪತ್ರಿಕೆ, ಪತ್ರಿಕೆಯ ಅಡಿಯಲ್ಲಿ ಗಡಿಯಾರ, ಪುಸ್ತಕ. ಪರದೆಯ ಕಡೆ ಕಣ್ಣೆತ್ತುವ ಗೊಡವೆಗೇ ಹೋಗಲಿಲ್ಲ. ಏಳನೇ ನಿಮಿಷಕ್ಕೆ ಸಾದಾ ಒಂದು ಹೊರಟಿತು, ಸರಿಯಾದ ಸಮಯಕ್ಕೆ. ಹತ್ತೊಂಬತ್ತಕ್ಕೆ ಎಕ್ಸ್‌ಪ್ರೆಸ್. ಹೆಂಡತಿ ತಿರುಗಿ ನೋಡಿದಳು. ಮೂವತ್ತೊಂದಕ್ಕೆ ಇನ್ನೊಂದು ಹೊರಟಾಗ ಅವನ ಮೊಣಕಾಲಿನ ಮೇಲೆ ಕೈಯಿಟ್ಟು, "ಅಂತೂ ಅರ್ಥ ಆಯ್ತಲ್ಲ ನಿಮಗೆ," ಅಂದಳು. ಆ ದನಿಯಲ್ಲಿ ಅಷ್ಟು ಸಂತೋಷವಿತ್ತು ನೋಡಿ, ಟೈಮ್ ಕೀಪರನಿಗೆ ಅಳುವೇ ಬಂದಂತಾಯಿತು. (ಅದು ವೇಳಾಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ತಡೆದುಕೊಂಡ.)

ಐವತ್ತೈದನೇ ನಿಮಿಷದವರೆಗೆ ಎಲ್ಲ ಸರಿಯಾಗಿಯೇ ಹೋಯಿತು, ಕೈಯೂ ಅಲ್ಲೇ ಇತ್ತು. ಆಗ ಅತ್ತೆಗೆ ಕನ್ನಡಕ ಒರೆಸಬೇಕಾಯಿತು. ಚಿತ್ರ ನಿಲ್ಲಿಸಿದರು. ಬಾಮೈದ ಬಟ್ಟೆ ಹುಡುಕಿ, ಗಾಜು ಒರೆಸಿ, ಸಡಿಲವಾಗಿದ್ದ ಸ್ಕ್ರೂ ಬಿಗಿದು ಕೊಟ್ಟ. ನಾಲ್ಕು ನಿಮಿಷ. ಚಿತ್ರ ನಿಂತಿತು, ಗಡಿಯಾರ ನಿಲ್ಲಲಿಲ್ಲ. ಊರಿನ ಬಸ್ಸುಗಳ ತಡವನ್ನೆಲ್ಲ ಕ್ಷಣದಲ್ಲಿ ಹಿಡಿಯುವವನು ಮೊಣಕಾಲಿನ ಮೇಲಿದ್ದ ಕೈಯನ್ನು ನೋಡುತ್ತಾ ತನ್ನ ತಡವನ್ನು ಮರೆತುಬಿಟ್ಟ.

ಆ ಇಡೀ ಚಿತ್ರದಲ್ಲಿ ನಗಬಾರದ ಜಾಗ ಒಂದೇ ಒಂದಿದೆ. ಗಾಯಗೊಂಡ ಮುದಿ ಸೈನಿಕ ಕ್ಯಾಮೆರಾದವನ ಕೈ ಹಿಡಿದು, ತನ್ನ ಮನೆಗೆ ಸುದ್ದಿ ತಲುಪಿಸ್ತೀಯಾ ಅಂತ ಕೇಳುತ್ತಾನೆ. ಅತ್ತೆ ಈಗಷ್ಟೇ ಒರೆಸಿದ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗಡಿಯಾರದಲ್ಲಿ ಅರವತ್ತೆರಡನೇ ನಿಮಿಷ.

ಟೈಮ್ ಕೀಪರ್ ತಡೆರಹಿತ ಬಿಟ್ಟ. ಸೋಫಾ ಗುದ್ದಿ ಗುದ್ದಿ ನಕ್ಕ.

ಮೊಣಕಾಲಿನ ಮೇಲಿದ್ದ ಕೈ ಮೆಲ್ಲಗೆ ಹಿಂದೆ ಹೋಯಿತು.

"ಯಾಕಪ್ಪಾ," ಅಂದರು ಅತ್ತೆ. "ಸಾಯ್ತಾ ಇದಾನಲ್ಲ ಅವನು."

ಗಾಬರಿಯಿಂದ ಎದ್ದು ನಿಂತಾಗ ಪತ್ರಿಕೆ, ಗಡಿಯಾರ, ಪುಸ್ತಕ ಎಲ್ಲ ಕೆಳಗೆ ಬಿದ್ದವು. ಬಾಮೈದ ಪುಸ್ತಕ ಎತ್ತಿ ಓದತೊಡಗಿದ. "ಮೂವತ್ತೊಂದನೇ ನಿಮಿಷ. ಕೊಡೆಯವ. ಎಕ್ಸ್‌ಪ್ರೆಸ್. ಕಾರಣ ತಿಳಿಯಲಿಲ್ಲ. ಇವನ ದೂರು ಮೇಲಧಿಕಾರಿಗಳ ಗಮನಕ್ಕೆ ಬರತಕ್ಕದ್ದು." ಅತ್ತೆಯ ಭುಜ ಅಲುಗಿತು. ಟೈಮ್ ಕೀಪರ್ ಕೈಕಟ್ಟಿ ನಿಂತು ಗಂಭೀರವಾಗಿ ವಿವರಣೆ ಕೊಟ್ಟ: ಮಾರ್ಗಮಧ್ಯದಲ್ಲಿ ಕನ್ನಡಕದ ನಿಲುಗಡೆ ಆದದ್ದರಿಂದ ಸೇವೆಯಲ್ಲಿ ವ್ಯತ್ಯಯವಾಗಿದೆ, ವೇಳಾಪಟ್ಟಿಯಲ್ಲಿ ದೋಷವಿಲ್ಲ. ಅವನು ಒಂದೊಂದು ಮಾತು ಸೇರಿಸಿದಂತೆ ಒಬ್ಬೊಬ್ಬರೇ ಸೋಫಾದಿಂದ ಜಾರಿದರು. ಹೆಂಡತಿ ನೆಲದ ಮೇಲೆ ಕೂತು, ಮಾತು ಹೊರಡದೆ, ಸಾಕು ಸಾಕು ಅಂತ ಕೈಯಾಡಿಸುತ್ತಿದ್ದಳು.

"ಭಾವ, ನೀವು ಮಾತ್ರ ಯಾವತ್ತೂ ನಗಬೇಡಿ," ಅಂದ ಬಾಮೈದ ಉಸಿರು ಸಿಕ್ಕಮೇಲೆ. "ಆ ಸೇನಾಪತಿ ಪಾತ್ರದವನು ದುಡ್ಡು ತಗೊಂಡು ಮಾಡಿದ್ದನ್ನ ನೀವು ಮನೇಲಿ ಪುಕ್ಕಟೆ ಮಾಡ್ತಿದೀರಿ."

ಇದು ಕ್ಷಮೆಯೋ ಶಿಕ್ಷೆಯೋ ಟೈಮ್ ಕೀಪರನಿಗೆ ತಿಳಿಯಲಿಲ್ಲ. ಮುಂದಿನ ಭಾನುವಾರ ತಿಳಿಯಿತು. ಅವತ್ತು ಟೈಲರಮ್ಮ ಗಂಡನ ಜೊತೆ ಬಂದಿದ್ದರು, ಬಾಮೈದನ ಅಂಗಡಿಯವರೂ ನಾಲ್ಕು ಜನ. ಬಲತುದಿಯಲ್ಲಿ ಟೈಲರಮ್ಮ ಆಗಲೇ ಆಸೀನರಾಗಿದ್ದರು. ತಾನು ಎಲ್ಲಿ ಕೂರಲಿ ಅಂತ ಇವನು ಕೇಳಿದ. ಹೆಂಡತಿ ಪ್ರೀತಿಯಿಂದಲೇ ಟಿ.ವಿ. ಪಕ್ಕಕ್ಕೆ ಕೈ ತೋರಿಸಿದಳು. ಅಲ್ಲೊಂದು ಕುರ್ಚಿ ಹಾಕಿತ್ತು. ಬೆನ್ನು ಗೋಡೆಗೆ, ಮುಖ ಜನರ ಕಡೆಗೆ.

"ಅಲ್ಲಿಂದ ಸಿನಿಮಾ ಕಾಣಲ್ವಲ್ಲೇ," ಅಂದ.

"ನಿಮಗ್ಯಾಕ್ರೀ ಕಾಣಬೇಕು? ಕೂತ್ಕೊಳ್ಳಿ. ಕೊಡೆಯವನ ಬಗ್ಗೆ ನೀವು ಹೇಳ್ತಿದ್ರಲ್ಲ, ಅದನ್ನ ಇವರಿಗೆ ಸ್ವಲ್ಪ ಹೇಳಿ."

ಅವನು ಕೂತ. ಗಂಟಲು ಸರಿಮಾಡಿಕೊಂಡು, ಕೊಡೆ ಹಿಡಿಯುವವರ ಕೆಲಸದ ಅವಧಿಗೆ ಒಂದು ಮಿತಿ ಇರಬೇಕು ಅಂತ ಶುರುಮಾಡಿದ. ಆಮೇಲೆ ಚಿತ್ರ ಹಾಕುವುದು ಯಾರಿಗೂ ನೆನಪಾಗಲಿಲ್ಲ.