ಆರು ಹುಡುಕಲು ಹೋದ ಶರಣವ್ವ

ನಾನು ಹುಟ್ಟಾ ಅಂಜುಬುರುಕಿ. ಹಲ್ಲಿಗೆ ಅಂಜುತ್ತೇನೆ, ಸಿಡಿಲಿಗೆ ಅಂಜುತ್ತೇನೆ, ಬಸ್ಸಿನ ಹಿಂದಿನ ಬಾಗಿಲಿಗೂ ಅಂಜುತ್ತೇನೆ. ಇಂಥವಳಿಗೆ ಅಂಗನವಾಡಿಯಲ್ಲಿ ಹತ್ತು ಮಕ್ಕಳನ್ನು ಕಾಯುವ ಕೆಲಸ ಯಾರು ಕೊಟ್ಟರು ಎಂದು ನೀವು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಮ್ಮೂರು ಸಿಂಧನೂರಿನಿಂದ ಆಟೋದಲ್ಲಿ ಅರ್ಧ ತಾಸಿನ ದಾರಿ. ಸುತ್ತ ನೆಲ್ಲಿನ ಗದ್ದೆ, ಊರ ಬೆನ್ನಿಗೆ ಕಾಲುವೆ. ಹೆಂಗಸರು ನಾಟಿಗೆ ಹೋಗುವಾಗ ಮಕ್ಕಳನ್ನು ನನ್ನ ಮುಂದೆ ಬಿಟ್ಟು, "ನೋಡ್ಕೊಳ್ರಿ ಟೀಚರ್" ಎನ್ನುತ್ತಾರೆ. ಆ ಎರಡು ಮಾತಿಗೇ ನಾನು ಮಕ್ಕಳನ್ನು ಮತ್ತೊಮ್ಮೆ ಎಣಿಸುತ್ತೇನೆ.

ಎಣಿಕೆ ಕಲಿಸುವುದೇನೂ ಕಷ್ಟವಲ್ಲ. ಒಂದರಿಂದ ಹತ್ತರವರೆಗೆ ಮಕ್ಕಳು ಹಾಡಿನಂತೆ ಒದರುತ್ತವೆ. ಆದರೆ ಬರೆದ ಅಂಕಿ ತೋರಿಸಿ ಇದೇನು ಎಂದರೆ ನನ್ನ ಮುಖ ನೋಡುತ್ತವೆ. 7 ಅವಕ್ಕೆ ಕುಡಗೋಲು, 8 ಅಜ್ಜನ ಚಾಳೀಸು. 6 ಮತ್ತು 9 ಎರಡೂ ಒಂದೇ. ಒಂದು ನಿಂತಿದೆ, ಇನ್ನೊಂದು ಲಾಗ ಹಾಕಿದೆ, ಅಷ್ಟೇ. ಮೊದಲು ಅಂಕಿಯ ಮುಂದೆ ಹುಣಸೆ ಬೀಜ ಇಡಿಸಿ ಕಲಿಸುತ್ತಿದ್ದೆ. ಒಂದು ಕೂಸು ಬೀಜವನ್ನು ಮೂಗಿಗೆ ಏರಿಸಿಕೊಂಡಿತು. ಸೀನಿದಾಗ ಬೀಜ ಹೊರಗೆ ಬಂತು, ಹೋದ ನನ್ನ ಜೀವ ಮಾತ್ರ ಸಂಜೆಯವರೆಗೂ ವಾಪಸು ಬರಲಿಲ್ಲ. ಯಾರ ಮೂಗಿಗೂ ಏರದ ಆಟ ಬೇಕೆಂದು ಯೋಚಿಸಿ, ಓಣಿಯ ಹತ್ತು ಮನೆಗಳ ಬಾಗಿಲ ಪಕ್ಕ ಸೀಮೆಸುಣ್ಣದಿಂದ ದೊಡ್ಡದಾಗಿ ಅಂಕಿ ಬರೆದೆ. ನಾನು ಹೇಳಿದ ಅಂಕಿ ಹುಡುಕಿ ಅದರ ಮೇಲೆ ಕೈ ಇಟ್ಟು ನಿಲ್ಲಬೇಕು. ನಾನು ಬಂದು "ಸರಿ" ಎನ್ನುವ ತನಕ ಕೈ ತೆಗೆಯುವಂತಿಲ್ಲ. ಇದರಷ್ಟು ನಿರಪಾಯದ ಆಟ ಇಡೀ ತಾಲೂಕಿನಲ್ಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ದಿನ ನಾಲ್ಕು ವರ್ಷದ ಶರಣವ್ವನಿಗೆ "ಆರು" ಎಂದೆ. ಉಳಿದವರಿಗೂ ಒಂದೊಂದು ಹೇಳಿದೆ. ನಾಲ್ಕನೆಯ ಮನೆಯ ಮುಂದೆ ಇಬ್ಬರು ಜಗಳಕ್ಕೆ ಬಿದ್ದರು. ಬಿಡಿಸಿ ಆರನೆಯ ಮನೆಗೆ ಬಂದರೆ ಅಲ್ಲಿ ಶರಣವ್ವನೂ ಇಲ್ಲ, ಆರೂ ಇಲ್ಲ. ಆ ಮನೆಯ ಸೊಸೆ ಒದ್ದೆ ಬಟ್ಟೆ ಹಿಂಡುತ್ತಾ ನಿಂತಿದ್ದಳು.

"ಯಾರೋ ಗ್ವಾಡಿಗೆ ಗೀಚಿದ್ರು ನೋಡ್ರಿ, ಒರೆಸಿಬಿಟ್ಟೆ" ಎಂದಳು.

"ಹುಡುಗಿ ಎಲ್ಲೇ?"

"ಬಂದಿತ್ರಿ. ಗ್ವಾಡಿ ನೋಡ್ತು. ಹಂಗ ಮುಂದಕ್ಕ ಹೋತು."

ಮುಂದಕ್ಕೆ ಎಂದರೆ ನಾಲ್ಕು ಮನೆ, ಆಮೇಲೆ ಕಾಲುವೆ. ಅಂದು ನೀರು ದಂಡೆಯಿಂದ ದಂಡೆಗೆ ತುಂಬಿ ಹರಿಯುತ್ತಿತ್ತು.

ಸಹಾಯಕಿ ಮಲ್ಲಮ್ಮಕ್ಕ, "ನಿಂತೀರ್ಯಾಕ ಟೀಚರ್, ಓಡ್ರಿ! ಉಳದವ್ರನ್ನ ನಾ ಒಳಗ ಕರಕೊಂಡು ಹೋಗ್ತೀನಿ" ಎಂದು ನೂಕಿದ ಮೇಲೆಯೇ ನಾನು ಓಡಿದ್ದು. ಒಂದು ಚಪ್ಪಲಿ ಎಲ್ಲೋ ಕಳಚಿತು. ಆರು ಎಂದದ್ದು ನಾನೇ. ಎರಡು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ದಂಡೆ ಏರುವಾಗ ನೋಡುವ ಧೈರ್ಯವಿಲ್ಲದೆ ಕಣ್ಣು ಮುಚ್ಚಿಯೇ ಏರಿದೆ. ತೆರೆದರೆ ನೀರಿನಲ್ಲಿ ಕೆಂಪನೆಯದೇನೋ ತೇಲಿಹೋಗುತ್ತಿತ್ತು. ಶರಣವ್ವನ ಲಂಗವೂ ಕೆಂಪು. ಅದು ಪ್ಲಾಸ್ಟಿಕ್ ಚೀಲವೆಂದು ತಿಳಿಯುವಷ್ಟರಲ್ಲಿ ನಾನು ಅರ್ಧ ಸತ್ತಿದ್ದೆ.

"ಟೀಚರ್, ಆರು ಇಲ್ಲಿ ಐತ್ರಿ."

ಬಲಗಡೆ, ನೀರಿಗೆ ಎರಡೇ ಗೇಣು ದೂರದಲ್ಲಿ, ಗದ್ದೆಗೆ ನೀರು ಬಿಡುವ ತೂಬಿನ ಕಲ್ಲು. ಅದರ ಮೇಲೆ ನೀರಾವರಿಯವರು ಬರೆದ ತೂಬಿನ ನಂಬರು, ಕಪ್ಪು ಬಣ್ಣದ 6. ಅದಕ್ಕೆ ಅಂಗೈ ಒತ್ತಿಕೊಂಡು ಶರಣವ್ವ ನಿಂತಿದ್ದಳು, ಮುಖದ ತುಂಬ ಸಿಟ್ಟು.

"ಎಷ್ಟೊತ್ತು ನಿಂದ್ರಲಿ? ಕೈ ನೋಯಾಕತ್ತೈತಿ."

ಜೋರಾಗಿ ಕರೆದರೆ ಬೆದರಿ ಜಾರಿಯಾಳೆಂದು, ಕುಕ್ಕರಗಾಲಲ್ಲಿ ಸರಿಯುತ್ತಾ ಹೋಗಿ ರಟ್ಟೆ ಹಿಡಿದುಕೊಂಡೆ. ಅವಳು ಕಲ್ಲು ಬಿಡಲೊಲ್ಲಳು.

"ಮೊದಲ ಸರಿ ಅನ್ರಿ."

"ಸರಿ ನಮ್ಮವ್ವ, ಸರಿ!" ಎಂದು ಅಳುತ್ತಾ ಹೇಳಿದ ಮೇಲೆಯೇ ಬಂದಳು.

ಸಂಜೆ ಅವಳ ತಾಯಿಗೆ ಎಲ್ಲ ಹೇಳಿದೆ. ಮುಚ್ಚಿಡಲೂ ಧೈರ್ಯ ಬೇಕಲ್ಲ! ಆಕೆ ಕೆಸರುಗಾಲಲ್ಲೇ ಕುಳಿತು ಕೇಳಿದಳು, ಮಗಳ ಕೂದಲು ಸವರಿದಳು. ಬೈದಿದ್ದರೆ ಹಗುರಾಗುತ್ತಿತ್ತು. "ನಾಳಿಂದ ಬಾಗಲಾ ಹಾಕ್ಕೊಂಡು ಕಲಸ್ರಿ ಟೀಚರ್" ಎಂದಷ್ಟೇ ಹೇಳಿ ಹೋದಳು.

ಈಗ ಅಂಕಿಗಳೆಲ್ಲ ಒಳಗಿನ ಗೋಡೆಯ ಮೇಲಿವೆ, ಬಾಗಿಲಿಗೆ ಚಿಲಕವಿದೆ. 6 ತೋರಿಸಿದರೆ ಶರಣವ್ವ ಎಲ್ಲರಿಗಿಂತ ಮೊದಲು ಕೂಗುತ್ತಾಳೆ. ತೊಂದರೆ ಇರುವುದು ನನಗೆ. ಕೋಲು ಹಿಡಿದು ಮೂರು, ನಾಲ್ಕು, ಐದು ಎನ್ನುತ್ತಾ ಹೋದರೆ ಆ ನೀರಿನ ಸದ್ದು ಕಿವಿಗೆ ಬಂದು, ನಾಲಿಗೆ ತಾನಾಗಿ ಏಳಕ್ಕೆ ಜಿಗಿಯುತ್ತದೆ. ಮೊನ್ನೆ ತಪಾಸಣೆಗೆ ಬಂದ ಮೇಲ್ವಿಚಾರಕಿಯ ಎದುರೇ ಹಾಗಾಯಿತು.

"ಆರು ಎಲ್ಲಿ ಹೋಯ್ತು?" ಎಂದು ಅವರು ಹುಬ್ಬೇರಿಸಿದರು.

ನಾನು ತೊದಲುವಷ್ಟರಲ್ಲಿ ಶರಣವ್ವ ಎದ್ದು ನಿಂತು ನನ್ನ ಮಾನ ಕಾಯ್ದಳು:

"ನಮ್ಮ ಟೀಚರಿಗೆ ಆರು ಇನ್ನಾ ಬರಂಗಿಲ್ರಿ ಮೇಡಂ. ಕಲಿಯಾಕತ್ತಾರ."

ಮೇಲ್ವಿಚಾರಕಿ ಅದನ್ನು ಹಾಗೆಯೇ ಬರೆದುಕೊಂಡರು.