ಹಲ್ಲಿಗೆ ಕಾಲಿಂಚು ಕಡಿಮೆ

ನಂದೀಶ್ವರಯ್ಯ: ಲೇ ಪ್ರಭು, ಆ ಹಲ್ಲೀನ ನೀನೇ ಎತ್ತುತೀಯೋ, ಇಲ್ಲಾ ನಾನೇ ಎತ್ತಿ ತಿಪ್ಪೆಗೆ ಬಿಸಾಕ್ಲೋ?

ಪ್ರಭುದೇವ್: ಅಪ್ಪಾ, ಮುಟ್ಬೇಡಿ! ಹಲ್ಲಿ ಅಲ್ಲ ಅದು, ಡ್ರ್ಯಾಗನ್. ಬಣ್ಣ ಬಳಿಯೋಕೇ ಮೂರು ತಿಂಗಳು ಹಿಡೀತು.

ನಂದೀಶ್ವರಯ್ಯ: ರೆಕ್ಕೆ ಅಂಟಿಸಿದ್ರೆ ಹಲ್ಲಿ ಗರುಡ ಆಗಾಕಿಲ್ಲ ಕಣ್ಲಾ. ಐದು ಗಂಟೆಗೆ ಲಾಯರ್ ದೊಡ್ಡರಂಗಯ್ಯನೋರು ಬತ್ತಾರೆ. ನಾಳೆ ಕೋರ್ಟಲ್ಲಿ ವಾದ ಐತೆ. ನಕ್ಷೆ ಹರಡೋಕೆ ನನ್ನ ಟೇಬಲ್ ನಂಗೆ ಬೇಕು, ಅಷ್ಟೇಯ.

ಮೂವತ್ತನಾಲ್ಕು ವರ್ಷ ಸರ್ಕಾರಿ ಸರ್ವೆಯರ್ ಆಗಿದ್ದು ನಿವೃತ್ತರಾದ ನಂದೀಶ್ವರಯ್ಯನವರಿಗೆ ಆ ಟೇಬಲ್ಲೆಂದರೆ ಪಂಚಪ್ರಾಣ. ಹಳೇ ಕಚೇರಿಯ ಸಾಮಾನು ಹರಾಜಾದಾಗ ಹಟ ಹಿಡಿದು ಮಧುಗಿರಿಯ ಮನೆಗೆ ಹೊರಿಸಿಕೊಂಡು ಬಂದದ್ದು. ಎಷ್ಟೋ ಹಳ್ಳಿಗಳ ನಕ್ಷೆ ಅದರ ಮೇಲೆ ಮಲಗಿ ಎದ್ದಿದ್ದವು. ಈಗ ನೋಡಿದರೆ ಅದರ ಮೇಲೊಂದು ಹಸಿರು ಬಟ್ಟೆ, ಬಟ್ಟೆಯ ಮೇಲೆ ಥರ್ಮೋಕೋಲಿನ ಕೋಟೆ, ಹೆಂಡತಿ ಬಸವಮ್ಮನವರ ಮಂಕರಿ ಬುಟ್ಟಿಯನ್ನು ಬೋರಲು ಹಾಕಿ ಮಾಡಿದ ಬೆಟ್ಟ, ಹೆಬ್ಬೆರಳುದ್ದದ ಇನ್ನೂರು ಗೊಂಬೆಗಳು. ಒಂದು ಕಡೆ ಮಗ ಪ್ರಭುದೇವನ ರಾಕ್ಷಸರು. ಇನ್ನೊಂದು ಕಡೆ ಪಾವಗಡದಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಅವನ ಗೆಳೆಯ ಅಂಜನ್ ಕುಮಾರನ ಗಡ್ಡದ ಕುಳ್ಳರು. ಮಗ ಪುರವರದ ಶಾಲೆಯಲ್ಲಿ ಗಣಿತದ ಮೇಷ್ಟ್ರು, ಗೆಳೆಯ ಸೋಲಾರ್ ಪ್ಲಾಂಟಿನಲ್ಲಿ ಎಂಜಿನಿಯರು. ಇಬ್ಬರ ಕಿವಿಯ ಪಕ್ಕದಲ್ಲೂ ಬಿಳಿಕೂದಲು ಇಣುಕುತ್ತಿದ್ದವು. ಈ ವಯಸ್ಸಿನಲ್ಲಿ ಗೊಂಬೆ ಆಡುವವರನ್ನು ಕಂಡರೆ ನಂದೀಶ್ವರಯ್ಯನವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಜನ್: ಸಾರ್, ಇದೊಂದೇ ಸುತ್ತು ಬಾಕಿ. ಆಮೇಲೆ ನಾನೇ ಎಲ್ಲಾ ಎತ್ತಿಡ್ತೀನಿ.

ನಂದೀಶ್ವರಯ್ಯ: ಬೆಳಿಗ್ಗೆ ಎಂಟರಿಂದ ಇದೊಂದೇ ಸುತ್ತು, ಇದೊಂದೇ ಸುತ್ತು. ಯಾವ ರಾಜ್ಯಕ್ಕಪ್ಪ ಈ ಹೊಡೆದಾಟ?

ಪ್ರಭುದೇವ್: ಆ ಕೋಟೆ ಬಾಗಿಲಿಗೆ. ನನ್ನ ಡ್ರ್ಯಾಗನ್ ಒಂದು ಸಲಕ್ಕೆ ಹನ್ನೆರಡು ಇಂಚು ಹಾರುತ್ತೆ. ಬಾಗಿಲು ಮುಟ್ಟಿದ್ರೆ ನಾನು ಗೆದ್ದಂಗೆ. ಮುಟ್ಟಲಿಲ್ಲ ಅಂದ್ರೆ ಅಂಜನ್ ಗೆದ್ದಂಗೆ.

ನಂದೀಶ್ವರಯ್ಯ: ಬಾಗಿಲೊಳಗೆ ಏನೈತೆ?

ಪ್ರಭುದೇವ್: ಒಳಗೇನಿಲ್ಲ. ಥರ್ಮೋಕೋಲು.

ನಂದೀಶ್ವರಯ್ಯ: ಕೇಳುದ್ಯೇನೇ ಇವಳೇ? ಒಳಗೇನಿಲ್ವಂತೆ! ಏನೂ ಇಲ್ಲದ ಜಾಗಕ್ಕೆ ಬೆಳಿಗ್ಗೆಯಿಂದ ಬಡಿದಾಡ್ತಾವ್ರೆ. ನಗೋರ ಮುಂದೆ ಎಡವಿ ಬಿದ್ದಂಗಾಯ್ತು ನನ್ನ ಬಾಳು.

ಬಸವಮ್ಮ: ನಮ್ಮ ಓಣಿಯೊಳಗೆ ಏನೈತ್ರೀ? ಒಂದು ಬೆಕ್ಕು ಓಡಾಡ್ತದೆ. ಅದೂ ಅಡ್ಡಡ್ಡ.

ಅಡಿಗೆಮನೆ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಬಸವಮ್ಮ ತಲೆಯೆತ್ತದೆ ಹೇಳಿದ ಮಾತು ಇದು. ಪಕ್ಕದ ಮನೆ ನಂದೀಶ್ವರಯ್ಯನವರ ಒಡಹುಟ್ಟಿದ ತಮ್ಮ ಚನ್ನಮಲ್ಲಯ್ಯನದು. ಎರಡು ಮನೆಗಳ ನಡುವೆ ಒಂದೂವರೆ ಅಡಿ ಅಗಲದ ಓಣಿ. ಅದು ಯಾರದು ಎಂಬ ಮೊಕದ್ದಮೆಗೆ ಹತ್ತೊಂಬತ್ತು ವರ್ಷ. ಅಷ್ಟೂ ವರ್ಷ ಅಣ್ಣತಮ್ಮಂದಿರ ನಡುವೆ ಮಾತಿಲ್ಲ, ಕತೆಯಿಲ್ಲ.

ನಂದೀಶ್ವರಯ್ಯ: ಅದು ನ್ಯಾಯದ ಪ್ರಶ್ನೆ! ಗೊಂಬೆ ಆಟ ಅಲ್ಲ.

ಅಷ್ಟರಲ್ಲಿ ಟೇಬಲ್ಲಿನ ಮೇಲೆ ಇನ್ನೊಂದು ಜಗಳ ಹೊತ್ತಿಕೊಂಡಿತು. ಪ್ರಭುದೇವ ತಾಯಿಯ ಹೊಲಿಗೆ ಮಿಷನ್ನಿನ ಬಟ್ಟೆ ಟೇಪು ತೆಗೆದು ಡ್ರ್ಯಾಗನ್ನಿನಿಂದ ಬಾಗಿಲವರೆಗೆ ಎಳೆದಿದ್ದ.

ಪ್ರಭುದೇವ್: ಸರಿಯಾಗಿ ಹನ್ನೆರಡು! ಬಾಗಿಲು ನಂದು!

ಅಂಜನ್: ಅಬ್ಬೋ, ಅನ್ಯಾಯಂ ರಾ! ಮೂಗಿಂದ ಅಳೀತೀಯಲ್ಲ? ಕಾಲಡಿ ಪೀಠದಿಂದ ಅಳೀಬೇಕು. ಹನ್ನೆರಡೂವರೆ ಬತ್ತದೆ.

ಪ್ರಭುದೇವ್: ನೀನು ಟೇಪು ಸೊಟ್ಟ ಹಿಡಿದ್ರೆ ಹದಿಮೂರೂ ಬರುತ್ತೆ.

ಅಂಜನ್: ಒರೇಯ್, ಗಣಿತದ ಮೇಷ್ಟ್ರು ನೀನು! ಮಕ್ಕಳಿಗೂ ಇಂಗೇ ಹೇಳ್ಕೊಡ್ತೀಯಾ? ಇನ್ಮೇಲೆ ನಾನು ಪಾವಗಡದಿಂದ ಬರಾದೇ ಇಲ್ಲ ಬುಡು.

ನಂದೀಶ್ವರಯ್ಯ: ಬರ್ಬೇಡಪ್ಪಾ, ಪುಣ್ಯ ಬತ್ತದೆ. ಅರ್ಧ ಇಂಚಿಗೆ ಹತ್ತು ವರ್ಷದ ಸ್ನೇಹ ಕಳ್ಕಳೋ ಮುಟ್ಠಾಳರನ್ನ ನಾನು ಇವತ್ತೇ ಕಂಡಿದ್ದು.

ಬಸವಮ್ಮ: ಇವತ್ತೇ?

ನಂದೀಶ್ವರಯ್ಯ ಟೇಬಲ್ಲಿನ ಕಡೆ ತಿರುಗಿಕೊಂಡರು. ಕಣ್ಣು ಆ ಬಟ್ಟೆ ಟೇಪನ್ನು ಬಿಡಲಿಲ್ಲ. ನಡುವೆ ಮಂಕರಿಯ ಅಂಚಿಗೆ ತಗುಲಿ ಅದು ಬಾಳೆನಾರಿನ ಹಾಗೆ ಬಾಗಿತ್ತು. ಮಗ ಅದನ್ನು ಎರಡನೇ ಸಲ ಎಳೆದ. ಮೂರನೇ ಸಲ ಎಳೆದಾಗ ಅವರಿಗೆ ತಡೆಯಲಾಗಲಿಲ್ಲ.

ನಂದೀಶ್ವರಯ್ಯ: ಥೂ, ನಿಮ್ಮ ಅಳತೆಗಿಷ್ಟು ಬೆಂಕಿ ಬೀಳ! ಬಟ್ಟೆ ಟೇಪು ಎಳೆದಷ್ಟೂ ಹಿಗ್ಗುತದೆ. ಅದ್ರಲ್ಲಿ ರವಿಕೆ ಹೊಲೀಬೋದು, ಗಡಿ ಅಳೆಯೋಕಾಯ್ತದಾ? ಸರೀರಿ ಅತ್ತಾಗೆ.

ಒಳಗೆ ಹೋಗಿ ಟ್ರಂಕು ತೆರೆದರು. ಚರ್ಮದ ಚೀಲದಿಂದ ಉಕ್ಕಿನ ಟೇಪು ಹೊರಬಂತು. ಅದನ್ನು ಹೊರಗೆ ತೆಗೆದು ಯಾವ ಕಾಲವಾಗಿತ್ತೋ. ಯಾಕೆ ತೆಗೆಯುವುದಿಲ್ಲವೆಂದು ಕೇಳಿದವರ ಮೇಲೆ ಅವರು ಸಿಡುಕುತ್ತಿದ್ದರು. ಈಗ ಮಾತ್ರ ಅದು ಕೈಗೆ ಬಂದದ್ದೇ ಬೆನ್ನು ನೆಟ್ಟಗಾಯಿತು, ದನಿ ಏರಿತು.

ನಂದೀಶ್ವರಯ್ಯ: ಮೊದ್ಲು ಇಬ್ರೂ ಒಪ್ಪಿಗೆ ಕೊಡಿ. ಅಳತೆ ಏನೇ ಬರಲಿ, ಆಮೇಲೆ ತಕರಾರು ಎತ್ತಂಗಿಲ್ಲ.

ಅಂಜನ್: ಒಪ್ಪಿದೆ ಸಾರ್.

ಪ್ರಭುದೇವ್: ನಾನೂ ಒಪ್ದೆ. ನೀವು ನನ್ನ ಅಪ್ಪ ಅಲ್ವಾ?

ನಂದೀಶ್ವರಯ್ಯ: ಟೇಪಿಗೆ ಅಪ್ಪನೂ ಇಲ್ಲ, ಮಗನೂ ಇಲ್ಲ ಕಣ್ಲಾ. ಮಧುಗಿರಿ, ಶಿರಾ, ಕೊರಟಗೆರೆ, ಮೂರು ತಾಲ್ಲೂಕಲ್ಲಿ ನಾನು ಅಳೆದ ಮೇಲೆ ಅಳತೆ ಸುಳ್ಳು ಅಂದ ಗಂಡಸು ಹುಟ್ಟಿಲ್ಲ.

ಬಸವಮ್ಮ: ಒಬ್ರು ಹುಟ್ಟವ್ರೆ.

ನಂದೀಶ್ವರಯ್ಯ: ಏ ಇವಳೇ, ಗೊಣಗಾದು ಬುಟ್ಟು ಬಂದು ಈ ತುದಿ ಹಿಡಿ.

ಬಸವಮ್ಮ: ನಾನೊಲ್ಲೆನಪ್ಪ. ನಾನು ಹಿಡಿದ್ರೆ ಟೇಪು ಜೋಲಿ ಬೀಳ್ತದಂತೆ. ಹಿಂದೆ ನೀವೇ ಅಂದಿದ್ದು.

ತುದಿಯನ್ನು ಅಂಜನ್ ಹಿಡಿದ. ನಂದೀಶ್ವರಯ್ಯ ಮಂಕರಿ ಬೆಟ್ಟವನ್ನು ನಿರ್ದಾಕ್ಷಿಣ್ಯವಾಗಿ ಪಕ್ಕಕ್ಕೆ ತಳ್ಳಿದರು. ಡ್ರ್ಯಾಗನ್ನಿನ ಪೀಠಕ್ಕೆ ಟೇಪು ತಾಗಿಸಿ, ಒಂದು ಕಣ್ಣು ಮುಚ್ಚಿ, ಬಾಗಿಲ ಹೊಸ್ತಿಲಿಗೆ ಮೂಗು ತಗುಲುವಷ್ಟು ಬಗ್ಗಿದರು. ಇನ್ನೂರು ಗೊಂಬೆಗಳ ಜೊತೆ ಇಬ್ಬರು ಗಂಡಸರೂ ಉಸಿರು ಬಿಗಿಹಿಡಿದು ನಿಂತರು.

ನಂದೀಶ್ವರಯ್ಯ: ಹನ್ನೆರಡೂಕಾಲು! ಹಲ್ಲಿಗೆ ಕಾಲಿಂಚು ಕಡಿಮೆ. ಬಾಗಿಲು ಅಂಜನ್‌ದು.

ಇನ್ನು ಮಗ ಹಾರಾಡುತ್ತಾನೆ, ತಾವು ಗದರಬೇಕಾಗುತ್ತದೆ ಎಂದು ಅವರು ಗಂಟಲು ಸರಿಮಾಡಿಕೊಂಡರು. ಮಗ ಬಗ್ಗಿ ಟೇಪು ನೋಡಿದ, ನಕ್ಕ, ಗೆಳೆಯನ ಕೈ ಕುಲುಕಿದ.

ಪ್ರಭುದೇವ್: ಸೋತೆ ಕಣ್ಲಾ. ಬಸ್ಸಿಗೆ ಟೈಮೈತೆ, ಕಾಫಿ ಕುಡ್ಕೊಂಡು ಹೋಗು.

ಅಂಜನ್: ಮುಂದಿನ ಭಾನುವಾರ ನಮ್ಮನೇಲಿ. ಕುಳ್ಳರಿಗೆ ಹೊಸ ಫಿರಂಗಿ ತಂದಿರ್ತೀನಿ, ನೋಡು.

ನಂದೀಶ್ವರಯ್ಯ: ನಿಲ್ಲಲಾ. ಒಪ್ಕೊಂಡ್ಬುಟ್ಟಾ?

ಪ್ರಭುದೇವ್: ಒಪ್ದೇ ಏನು ಮಾಡ್ಲಿ? ಕಾಲಿಂಚು ಕಡಿಮೆ ಅಂತ ನೀವೇ ಅಳೆದ್ರಲ್ಲ.

ನಂದೀಶ್ವರಯ್ಯ: ತಕರಾರಿಲ್ವಾ? ಅಪೀಲು?

ಪ್ರಭುದೇವ್: ಅಪೀಲು ಅಂತ ಕೂತ್ರೆ ಮುಂದಿನ ವಾರ ಯಾರ ಜೊತೆ ಆಡ್ಲಿ ಅಪ್ಪಾ?

ನೋಡನೋಡುತ್ತ ರಾಕ್ಷಸರೂ ಕುಳ್ಳರೂ ಸ್ಪಂಜಿನ ಡಬ್ಬಿ ಸೇರಿದರು. ಹಸಿರು ಬಟ್ಟೆ ಮಡಿಕೆಯಾಯಿತು. ಟೇಬಲ್ಲು ಬೋಳಾಯಿತು. ಬೇಕೆಂದದ್ದು ಸಿಕ್ಕರೂ ನಂದೀಶ್ವರಯ್ಯನವರಿಗೆ ಸಮಾಧಾನವಿಲ್ಲ.

ಅಂಜನ್: ಸಾರ್, ಒಂದು ಮಾತು. ಕೂದಲೆಳೆ ಬಿಡದಂಗೆ ಅಳೀತೀರಲ್ಲ, ಆ ಓಣೀನ ಯಾಕೆ ನೀವೇ ಅಳೀಲಿಲ್ಲ?

ನಂದೀಶ್ವರಯ್ಯ: ಅದು... ಕೋರ್ಟಲ್ಲಿರೋ ಜಾಗ. ಮುಟ್ಟಂಗಿಲ್ಲ.

ಬಸವಮ್ಮ: ಕೋರ್ಟಿಗೆ ಹೋಗೋಕೆ ಮುಂಚೇನೇ ಅಳೆದವ್ರೆ ಕಣಪ್ಪಾ. ಇದೇ ಟೇಪು. ಈ ತುದಿ ಹಿಡಿದಿದ್ದು ನಾನು.

ಪ್ರಭುದೇವ್: ಏನು ಬಂತಮ್ಮಾ?

ನಂದೀಶ್ವರಯ್ಯ ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಬಸವಮ್ಮ ಆ ನೋಟಕ್ಕೆ ಹತ್ತೊಂಬತ್ತು ವರ್ಷ ಬೆಲೆ ಕೊಟ್ಟಿದ್ದರು. ಇವತ್ತು ಅವರೆಕಾಯಿಯ ಮೊರ ಕೆಳಗಿಟ್ಟು ಎದ್ದು ನಿಂತರು.

ಬಸವಮ್ಮ: ಒಂದೂವರೆ ಅಡಿಗೆ ಒಂದೂವರೆ ಅಡೀನೂ ನಿಮ್ಮ ಚಿಕ್ಕಪ್ಪಂದು. ಎಳ್ಳುಕಾಳಷ್ಟೂ ನಮ್ಮದಲ್ಲ.

ನಂದೀಶ್ವರಯ್ಯ: ನೀನು ಟೇಪು ಜೋಲಿ ಬುಟ್ಟಿದ್ದೆ!

ಬಸವಮ್ಮ: ಒಂದೂವರೆ ಅಡಿ ಜೋಲಿ ಬೀಳೋಕೆ ನಾನೇನು ಬಟ್ಟೆ ಒಣಗಾಕೋ ಹಗ್ಗ ಹಿಡಿದಿದ್ನೇನ್ರೀ? ಆಮೇಲೆ ಕೋರ್ಟಿಂದ ಬಂದ ಮೂರು ಜನ ಸರ್ವೆಯರೂ ಇದನ್ನೇ ಅಂದ್ರಲ್ಲ. ಒಬ್ಬ ಹುಡುಗು ಮುಂಡೇದು ಅಂದ್ರಿ, ಒಬ್ಬಂಗೆ ಕಣ್ಣು ಮಂಜು ಅಂದ್ರಿ, ಮೂರನೆಯೋನಿಗೆ ಎಡಚ ಅಂತ ತಕರಾರು ಬರೆದ್ರಿ. ಅವರ ಟೇಪಿನ ತುದೀನೂ ನಾನೇ ಹಿಡಿದಿದ್ನಾ?

ಫೋನು ಬಡಿದುಕೊಂಡಿತು. ಲಾಯರ್ ದೊಡ್ಡರಂಗಯ್ಯ. ‘ಹೊರಡ್ಲಾ ಸಾರ್? ಟೇಬಲ್ ಖಾಲಿ ಮಾಡಿಸಿದ್ರಾ?’ ಎನ್ನುವ ದನಿ ಎಲ್ಲರಿಗೂ ಕೇಳಿಸಿತು. ಓಣಿಯ ನಕ್ಷೆಯ ಸುರುಳಿ ಪಕ್ಕದ ಕುರ್ಚಿಯ ಮೇಲೆ ಕಾದಿತ್ತು. ಗೋಡೆಯಾಚೆ ಚನ್ನಮಲ್ಲಯ್ಯ ಕೆಮ್ಮಿದ. ಟೇಬಲ್ಲು ಬೋಳಾಗಿ ಬಿದ್ದಿತ್ತು. ಆ ಬೋಳು ಹಲಗೆಯ ಮೇಲೆ ಆ ನಕ್ಷೆ ಹರಡಲು ನಂದೀಶ್ವರಯ್ಯನವರಿಗೆ ಜೀವಮಾನದಲ್ಲಿ ಮೊದಲ ಸಲ ನಾಚಿಕೆಯಾಯಿತು. ಮಗನ ಡಬ್ಬಿಗೆ ಕೈಹಾಕಿ ಡ್ರ್ಯಾಗನ್ನನ್ನು ತೆಗೆದು ಟೇಬಲ್ಲಿನ ನಟ್ಟನಡುವೆ ಇಟ್ಟರು.

ನಂದೀಶ್ವರಯ್ಯ: ಇಲ್ಲ ಸಾರ್, ಖಾಲಿಯಾಗಿಲ್ಲ. ಹುಡುಗ್ರು ಎತ್ತಾಕೇ ಬುಡ್ತಿಲ್ಲ. ಇವತ್ತು ಬರ್ಬೇಡಿ... ನಾಳೆ ವಾದನಾ? ನಾಳೆ ಒಂದು ಮುಂದಿನ ತಾರೀಕು ತಗಳಿ ಸಾರ್. ಅಷ್ಟರೊಳಗೆ ಒಂಚೂರು ಮನೇಲಿ ಮಾತಾಡೋದೈತೆ.

ಪ್ರಭುದೇವ್: ಅಪ್ಪಾ, ಅದನ್ನ ಕೊಡಿ, ಡಬ್ಬಿಗೆ ಹಾಕ್ಬೇಕು.

ನಂದೀಶ್ವರಯ್ಯ: ಮುಟ್ಬೇಡ ಕಣ್ಲಾ! ಇರ್ಲಿ ಅಲ್ಲೇ.

ಬಸವಮ್ಮ: ನೋಡಪ್ಪಾ ಅಂಜನ್. ಕಾಲಿಂಚು ಕಡಿಮೆ ಬಿದ್ದಿದ್ದಕ್ಕೆ ಹಲ್ಲಿ ಸೋಲು ಒಪ್ಕಂತು. ಒಂದೂವರೆ ಅಡಿ ಕಡಿಮೆ ಬಿದ್ದೋರು ಹಲ್ಲಿ ಹಿಂದೆ ಅವಿತ್ಕಂಡವ್ರೆ.