ಐದು ಮೇಜಿನ ಜೋನು

ಮೇಡಂ: ಆಗಲ್ಲ ಅಂದ್ರೆ ಆಗಲ್ಲ. ಇದು ನಮ್ಮನೆ ಅಡುಗೆಮನೆ ಅಲ್ಲ, ಕಾಲೇಜಿನ ಕಚೇರಿ.

ಮೇಷ್ಟ್ರು: ಅಡುಗೆಮನೇಲಾದ್ರೂ ನೀನು ಯಾವತ್ತು ಆಗುತ್ತೆ ಅಂದಿದ್ದೀಯ?

ಮೇಡಂ: ‘ನೀನು’ ‘ತಾನು’ ಎಲ್ಲ ಮನೇಲಿ. ಇಲ್ಲಿ ನಾನು ಹೆಡ್ ಕ್ಲರ್ಕು, ನೀವು ಅರ್ಜಿದಾರರು.

ಮೇಷ್ಟ್ರು: ಆಯ್ತು ಮೇಡಂ, ತಪ್ಪಾಯ್ತು ಮೇಡಂ. ಬೆಳಿಗ್ಗೆ ಡಬ್ಬಿಗೆ ಉಪ್ಪಿಲ್ಲದ ಊಟ ಹಾಕಿದ್ರಲ್ಲ, ಅದಕ್ಕೂ ಅರ್ಜಿ ಕೊಡ್ಬೇಕಾ ಮೇಡಂ?

ಮೇಡಂ: ಕೊಡಿ. ಎರಡು ಪ್ರತಿ.

ನಾನು ಪೆನ್ನು ಕೆಳಗಿಟ್ಟೆ. ಇಂಥ ಹೊತ್ತಿನಲ್ಲಿ ತಲೆ ಬಗ್ಗಿಸಿಕೊಂಡು ಕೆಲಸ ಮಾಡುವವನು ಮನುಷ್ಯನೇ ಅಲ್ಲ. ನಾನು ಈ ಕಚೇರಿಯ ಹಾಜರಿ ಗುಮಾಸ್ತ. ಕೌಂಟರಿನ ಆಚೆ ನಿಂತು ಬೆವರೊರೆಸಿಕೊಳ್ಳುತ್ತಿದ್ದವರು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಕೋಚು. ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಇಡೀ ಕಾಲೇಜಿಗೆ ಅವರು ಸೀಟಿ ಮೇಷ್ಟ್ರು. ಈಚೆ ಕೈಯಲ್ಲಿ ಸೀಲು ಹಿಡಿದು ನಿಂತವರು ನಮ್ಮ ಹೆಡ್ ಕ್ಲರ್ಕ್ ಮೇಡಂ, ಮೇಷ್ಟ್ರ ಧರ್ಮಪತ್ನಿ. ಮೇಷ್ಟ್ರ ಪಕ್ಕದಲ್ಲಿ ತಂಡದ ಕ್ಯಾಪ್ಟನ್. ನಮ್ಮ ಕಚೇರಿಯ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬರುವ ಹುಡುಗಿ ಅವಳೊಬ್ಬಳೇ. ಎಲ್ಲರೂ ಅವಳನ್ನು ಏಣಿ ಅಂತಲೇ ಕರೆಯುತ್ತಾರೆ, ಅವಳೂ ಓ ಅನ್ನುತ್ತಾಳೆ.

ವಿಷಯ ಇಷ್ಟೇ. ನಾಳೆ ಪಂದ್ಯ. ಆಡುವವರ ಪಟ್ಟಿಗೆ ನಮ್ಮ ಕಚೇರಿಯ ಸಹಿ, ಸೀಲು ಬಿದ್ದು ನಾಲ್ಕು ಗಂಟೆಯೊಳಗೆ ಪಂದ್ಯ ನಡೆಸುವವರ ಕೈ ಸೇರಬೇಕು. ಈಗ ಗಂಟೆ ಮೂರು.

ಮೇಷ್ಟ್ರು: ನಾಲ್ಕು ಗಂಟೆ ದಾಟಿದ್ರೆ ತಂಡ ಔಟು. ಪ್ರಿನ್ಸಿಪಾಲರು ಏನಂದಿದ್ದಾರೆ ಗೊತ್ತಲ್ಲ? ಈ ಸಲಾನೂ ಬರಿಗೈಲಿ ಬಂದ್ರೆ ನಮ್ಮ ಕೋರ್ಟಿಗೆ ತಗಡು ಹೊದಿಸಿ ಬೈಕ್ ನಿಲ್ಲಿಸ್ತಾರಂತೆ!

ಮೇಡಂ: ಅದಕ್ಕೆ ಪಟ್ಟಿ ಸರಿಯಾಗಿ ತರ್ಬೇಕು. ಮುಂದೆ ಹನ್ನೆರಡು ಹೆಸರು, ಸರಿ. (ತಿರುಗಿಸಿ) ಹಿಂದೆ ಇದೇನು ಗೀಚಿದ್ದೀರಿ?

ಮೇಷ್ಟ್ರು: ಅದಾ? ಅದು... ಅದು ನಮ್ಮ ಒಳಗಿನ ವಿಷಯ. ಬಸ್ಸಲ್ಲಿ ಬೇರೆ ಕಾಗದ ಸಿಗಲಿಲ್ಲ.

ಮೇಡಂ: ಐದು ಸೊನ್ನೆ. ಮುಂದೆ ಎರಡು, ಹಿಂದೆ ಮೂರು.

ನಾನು ಕಣ್ಣಲ್ಲೇ ಮೇಜು ಎಣಿಸಿದೆ. ನಮ್ಮ ಕಚೇರಿಯಲ್ಲಿರುವುದು ಐದೇ ಮೇಜು. ಮುಂದೆ ಎರಡು: ಎಡಕ್ಕೆ ಪ್ರವೇಶ, ಬಲಕ್ಕೆ ಗುರುತಿನ ಚೀಟಿ. ಹಿಂದೆ ಮೂರು: ಎಡ ಮೂಲೆಗೆ ನಾನು, ಬಲ ಮೂಲೆಗೆ ಅಂಕಪಟ್ಟಿ, ನಟ್ಟನಡುವೆ ಮೇಡಂ.

ಮೇಡಂ: (ಓದುತ್ತಾ) ‘ಮುಂದಿನ ಎಡ: ಆಸೆ ತೋರಿಸಿದರೆ ಎದ್ದು ಬರುತ್ತೆ.’

ಪ್ರವೇಶದವರು ಬಿಸ್ಕತ್ತಿನ ಪೊಟ್ಟಣವನ್ನು ಮೆಲ್ಲಗೆ ಖಾನೆಯೊಳಗೆ ಸರಿಸಿದರು.

ಮೇಡಂ: ‘ಮುಂದಿನ ಬಲ: ಸುಮ್ಮನೆ ಕೈ ಆಡಿಸುತ್ತೆ, ಉಪಯೋಗ ಇಲ್ಲ.’

ಗುರುತಿನ ಚೀಟಿಯವರು ಮೊಬೈಲನ್ನು ಬೋರಲು ಹಾಕಿದರು.

ಮೇಡಂ: ‘ಹಿಂದಿನ ಬಲ ಮೂಲೆ: ಬೆನ್ನ ಹಿಂದೆ ಆನೆ ಹೋದರೂ ಗೊತ್ತಾಗಲ್ಲ.’

ಅಂಕಪಟ್ಟಿ: ಏನಂದ್ರಿ ಮೇಷ್ಟ್ರೇ? ಹಿಂದಿನ ವರ್ಷ ನಿಮ್ಮ ಹುಡುಗೀರ ಅಂಕಪಟ್ಟಿ ಎರಡೇ ತಿಂಗಳಲ್ಲಿ ಕೊಟ್ಟಿದ್ದು ಯಾರು?

ನಾನು: (ತಡೆಯಲಾರದೆ) ಮೇಡಂ, ಹಿಂದಿನ ಎಡ ಮೂಲೆ?

ಮೇಡಂ: ‘ನಿಂತಲ್ಲೇ ನಿದ್ದೆ.’

ನಾನು: ಇದು ಅನ್ಯಾಯ ಸಾರ್! ಹದಿನೆಂಟು ವರ್ಷದ ಸರ್ವಿಸ್‌ನಲ್ಲಿ ನಾನು ನಿಂತು ನಿದ್ದೆ ಮಾಡಿದ್ದನ್ನ ಒಬ್ಬರು ನೋಡಿದ್ರೆ ಹೇಳಲಿ. ಏನಿದ್ರೂ ಕೂತೇ!

ಮೇಡಂ ನಡುವಿನ ಸೊನ್ನೆಯ ಬಳಿ ನಿಂತರು. ಮೊದಲು ಮನಸ್ಸಿನಲ್ಲೇ ಓದಿಕೊಂಡರು, ಆಮೇಲೆ ಒಂದೊಂದೇ ಅಕ್ಷರ ಕಲ್ಲಿಟ್ಟ ಹಾಗೆ ಓದಿದರು.

ಮೇಡಂ: ‘ನಡುವೆ: ಎಲ್ಲಕ್ಕಿಂತ ದೊಡ್ಡ ತೊಂದರೆ ಇದೇ. ಕೆಣಕಿ ಮುಂದಕ್ಕೆ ಎಳೆದರೆ ಹಿಂದೆಲ್ಲ ಖಾಲಿ.’ ಇಪ್ಪತ್ತೆರಡು ವರ್ಷ ಸಂಸಾರ ಮಾಡಿ ನಾನು ತೊಂದರೆ ಅಂತ ಇವತ್ತು ಗೊತ್ತಾಯ್ತಾ?

ಮೇಷ್ಟ್ರು: ನೀನಲ್ಲ ಮಾರಾಯ್ತಿ!

ಮೇಡಂ: ಮತ್ತೆ ಇನ್ಯಾರು? ಮನೇಲಿ ಇರೋದೇ ನಾನೊಬ್ಬಳು.

ಮೇಷ್ಟ್ರು: ಅಯ್ಯೋ, ಅದು ಕಚೇರಿ ಅಲ್ಲ ಕಣೇ, ಆಟ! ನಾಳೆ ನಮ್ಮ ಎದುರು ಆಡೋ ಕಾಲೇಜು ಕಟ್ಟೋ ಜೋನು. ಐದು ಹುಡುಗೀರು, ಮುಂದೆ ಇಬ್ಬರು, ಹಿಂದೆ ಮೂವರು.

ಮೇಡಂ: ಜೋನು ಅಂದ್ರೆ?

ಮೇಷ್ಟ್ರು: ಮಾಮೂಲಿ ಆಟದಲ್ಲಿ ಆಳಿಗೊಂದು ಆಳು. ಇವಳನ್ನ ಅವಳು ಕಾಯ್ತಾಳೆ, ಎಲ್ಲಿ ಹೋದ್ರೂ ನೆರಳಿನ ಹಾಗೆ ಹಿಂದೇನೇ. ಜೋನ್‌ನಲ್ಲಿ ಹಾಗಲ್ಲ. ಆಳನ್ನ ಕಾಯಲ್ಲ, ಜಾಗ ಕಾಯ್ತಾರೆ. ತನ್ನ ಜಾಗಕ್ಕೆ ಬಂದೋರನ್ನ ತಡೀತಾಳೆ, ಪಕ್ಕದ ಜಾಗಕ್ಕೆ ದಾಟಿದ್ರೆ ‘ಅದು ನಂದಲ್ಲ, ಅವಳದ್ದು’ ಅಂತ ಬಿಡ್ತಾಳೆ.

ಏಣಿ: (ಸುತ್ತಲೂ ನೋಡಿ) ಅದೇ ಇಲ್ಲಿ ‘ಅದು ನನ್ನ ಸೆಕ್ಷನ್ ಅಲ್ಲ’ ಅಂತಾರಲ್ಲ ಮೇಡಂ, ಹಾಗೆ.

ಮೇಡಂ: ನೀನು ಸುಮ್ಮನಿರಮ್ಮ, ದೊಡ್ಡವರು ಮಾತಾಡ್ತಿದ್ದೀವಿ. ಏನೇ ಇರಲಿ, ಹಿಂದೆ ಗೀಚಿದ್ರೆ ಪಟ್ಟಿ ರದ್ದು. ನಿಯಮ ಅಂದ್ರೆ ನಿಯಮ. ಹೊಸ ನಮೂನೆ ತಗೊಳ್ಳಿ, ಹೆಸರು ಬರೀರಿ, ನಾಲ್ಕು ಮೇಜಿನ ಸಹಿ ಹಾಕಿಸಿ, ಆಮೇಲೆ ನನ್ನ ಹತ್ರ ಬನ್ನಿ.

ಮೇಷ್ಟ್ರು: ಆ ನಾಲ್ಕು ಸಹಿಗೆ ನಾನು ನಾಲ್ಕು ದಿನ ತಿರುಗಿದ್ದೀನಿ! ಇವರು ಅವರನ್ನ ಕೇಳಿ ಅಂದ್ರು, ಅವರು ಇವರನ್ನ ಕೇಳಿ ಅಂದ್ರು. ಕೌಂಟರಿನ ಹೊರಗೆ ಸುತ್ತಿ ಸುತ್ತಿ ಬೂಟು ಸವೀತು. ಈಗ ಮುಕ್ಕಾಲು ಗಂಟೇಲಿ ಮಾಡು ಅಂದ್ರೆ?

ಮೇಷ್ಟ್ರ ದನಿ ಇದ್ದಕ್ಕಿದ್ದಂತೆ ಇಳಿಯಿತು. ಸೀಟಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚುತ್ತಾ ನಿಂತರು. ನಿಜ ಹೇಳುತ್ತೇನೆ, ನನಗೆ ಪಾಪ ಅನ್ನಿಸಿತು. ಆ ಕೋರ್ಟಿನ ಗೆರೆಗಳಿಗೆ ಪ್ರತಿ ವರ್ಷ ತಾವೇ ಮೊಣಕಾಲೂರಿ ಬಣ್ಣ ಬಳಿಯುವ ಮನುಷ್ಯ.

ಮೇಷ್ಟ್ರು: ಮೂರು ವರ್ಷದಿಂದ ಇದೇ ಜೋನ್‌ಗೆ ಸೋಲ್ತಿದ್ದೀನಿ ಕಣೇ. ಈ ಸಲ ಒಂದು ಅವಕಾಶ ಸಿಕ್ಕಿದ್ರೆ ಸಾಕಿತ್ತು.

ಮೇಡಂ: (ಸ್ವಲ್ಪ ಮೆತ್ತಗೆ) ಏನು ಮಾಡಿ ಸೋಲ್ತೀರಿ?

ಮೇಷ್ಟ್ರು: ಏನು ಮಾಡಿ ಅಂದ್ರೆ? ಒಳಗೆ ಬಿಡಲ್ವಲ್ಲ. ಹೊರಗೇ ಚೆಂಡು ದಾಟಿಸ್ತಾ ಇರ್ತೀವಿ. ಇವಳಿಂದ ಅವಳಿಗೆ, ಅವಳಿಂದ ಇನ್ನೊಬ್ಬಳಿಗೆ. ಹೊತ್ತು ಮುಗೀತಾ ಬಂದಾಗ ದೂರದಿಂದ ಎಸೀತೀವಿ.

ಮೇಡಂ: ಬೀಳುತ್ತಾ?

ಮೇಷ್ಟ್ರು: ಬೀಳುತ್ತೆ. ಪಕ್ಕದ ಮರದ ಕೆಳಗೆ.

ಮೇಡಂ: ಥೂ, ನಿಮ್ಮ! ಈ ಕೌಂಟರಿಗೆ ಹೊಸದಾಗಿ ಬರೋ ಹುಡುಗ್ರೂ ಹೀಗೇ ಮಾಡೋದು. ಹೊರಗಡೆಯಿಂದಾನೆ ಎಡಕ್ಕೆ ಹೋಗ್ತಾರೆ, ಬಲಕ್ಕೆ ಹೋಗ್ತಾರೆ, ಸಂಜೆ ಆಗುತ್ತೆ, ಮನೆಗೆ ಹೋಗ್ತಾರೆ. ಕೆಲಸ ಮಾಡಿಸ್ಕೊಳ್ಳೋರು ಹಾಗೆ ಮಾಡಲ್ಲ.

ಮೇಷ್ಟ್ರು: ಮತ್ತೆ ಹೇಗೆ ಮಾಡ್ತಾರೆ?

ಮೇಡಂ: ನಿಮಗ್ಯಾಕೆ ಹೇಳ್ಲಿ? ನಾನು ತೊಂದರೆ ಅಲ್ವಾ?

ಮೇಷ್ಟ್ರು: ನನ್ನಮ್ಮ, ನಿನ್ನ ದಮ್ಮಯ್ಯ.

ಮೇಡಂ: ‘ನೀನು’ ಅನ್ಬೇಡಿ ಅಂದೆ.

ಮೇಷ್ಟ್ರು: ತಮ್ಮ ದಮ್ಮಯ್ಯ.

ಮೇಡಂ ಕೌಂಟರಿನ ಮೇಲೆ ಮೊಣಕೈ ಊರಿದರು. ಹದಿನೈದು ವರ್ಷ ಜನರನ್ನು ತಡೆದ ಅನುಭವ ಮಾತಾಡತೊಡಗಿತು.

ಮೇಡಂ: ಅಲ್ಲಿ ನೀರಿನ ಫಿಲ್ಟರ್ ನೋಡಿ. ಮುಂದಿನ ಎರಡು ಮೇಜಿಗೂ ನನ್ನ ಮೇಜಿಗೂ ನಡುವೆ ಇದ್ಯಲ್ಲ, ಅದು ಯಾರ ಜಾಗಾನೂ ಅಲ್ಲ. ಅಲ್ಲಿ ಬಂದು ನಿಂತೋನನ್ನ ಐದೂ ಜನ ನೋಡ್ತೀವಿ, ಒಬ್ಬರೂ ‘ಏನು’ ಅಂತ ಕೇಳಲ್ಲ. ಮುಂದಿನೋರು ನಾನು ಕೇಳ್ತೀನಿ ಅನ್ಕೋತಾರೆ, ನಾನು ಅವರು ಕೇಳ್ತಾರೆ ಅನ್ಕೋತೀನಿ. ಅಲ್ಲಿಂದ ಅವನು ಯಾವ ಮೇಜಿಗೆ ಬೇಕಾದ್ರೂ ಕೈ ಚಾಚಬಹುದು.

ಮೇಷ್ಟ್ರು: ತಾಳು ತಾಳು. ಏಣಿ, ಬರ್ಕೋ! ನಡು ಮಧ್ಯ, ಯಾರ ಜಾಗಾನೂ ಅಲ್ಲದ ಕಡೆ ಒಬ್ಬಳು ನಿಲ್ಲೋದು, ಚೆಂಡು ಅವಳಿಗೆ... ಏಣಿ?

ಏಣಿ ಅಲ್ಲಿರಲಿಲ್ಲ. ಮೇಷ್ಟ್ರು ಆ ಕಡೆ ಗಮನ ಕೊಡದೆ ಅಂಗೈ ಮೇಲೇ ಬರೆದುಕೊಳ್ಳತೊಡಗಿದರು. ನಾನೂ ಗಮನ ಕೊಡಲಿಲ್ಲ. ನೀರಿನ ಫಿಲ್ಟರಿನ ಬಳಿ ಯಾರೋ ಉದ್ದದವರು ನೀರು ಕುಡಿಯುತ್ತಿದ್ದ ಹಾಗಿತ್ತು. ಪ್ರವೇಶದವರು ಕೇಳುತ್ತಾರೆ ಬಿಡು ಅಂದುಕೊಂಡೆ.

ಮೇಷ್ಟ್ರು: ಆಮೇಲೆ?

ಮೇಡಂ: ಆಮೇಲೆ ಗುಂಪು. ಅಂಕಪಟ್ಟಿ ಮೇಜಿಗೆ ಮೂರು ಜನ ಒಟ್ಟಿಗೇ ಮುತ್ತಿದ್ರೆ ಅವರೊಬ್ಬರು ಎಷ್ಟು ಜನಕ್ಕೆ ಉತ್ತರ ಕೊಡ್ತಾರೆ? ಪಕ್ಕದೋರು ಸಹಾಯಕ್ಕೆ ಏಳ್ತಾರೆ. ಎದ್ದ ಕುರ್ಚಿ ಕಡೆ ನಾಲ್ಕನೆಯೋನು ಹೋಗ್ತಾನೆ.

ಮೇಷ್ಟ್ರು: ಒಂದು ಕಡೆ ಭಾರ ಹಾಕೋದು, ಇನ್ನೊಂದು ಕಡೆಗೆ ದಾಟಿಸೋದು!

ಮೇಡಂ: ಚೆಂಡು ಕೈಲಿಟ್ಕೊಂಡು ತಟ್ತಾ ನಿಲ್ಬಾರ್ದು. ಯೋಚನೆ ಮಾಡೋಕೆ ನಮಗೆ ಹೊತ್ತು ಕೊಟ್ರೆ ಒಂದಲ್ಲ ಒಂದು ತಪ್ಪು ಹುಡುಕ್ತೀವಿ. ಎಡಕ್ಕೆ ನೋಡಿ ಬಲಕ್ಕೆ ಕೊಡ್ಬೇಕು. ಆಮೇಲೆ ಎಲ್ಲಕ್ಕಿಂತ ಮುಖ್ಯ ಹತ್ತು ಗಂಟೆ.

ಮೇಷ್ಟ್ರು: ಹತ್ತು ಗಂಟೇನಾ? ನಾಳೆ ಪಂದ್ಯ ಇರೋದು ಸಂಜೆ.

ಮೇಡಂ: ನನ್ನ ಗಂಡನ ಬುದ್ಧೀನೇ ಬುದ್ಧಿ! ಹತ್ತು ಗಂಟೆಗೆ ನಾವು ಚೀಲ ಇಟ್ಟು, ಕುರ್ಚಿ ಒರೆಸಿ, ಇನ್ನೂ ಕೂತಿರಲ್ಲ ನೋಡಿ, ಆಗ್ಲೇ ನುಗ್ಗೋರು ಗೆಲ್ತಾರೆ. ಐದೂ ಜನ ಕೂತು ಗೋಡೆ ಕಟ್ಟಿದ ಮೇಲೆ ಬಂದ್ರೆ ಕಷ್ಟ. ನಿಮ್ಮ ಹುಡುಗೀರು ಚೆಂಡು ಸಿಕ್ಕಿದ ತಕ್ಷಣ ಓಡ್ತಾರಾ?

ಮೇಷ್ಟ್ರು: ಇಲ್ಲ. ನನ್ನ ಮುಖ ನೋಡ್ತಾರೆ.

ಮೇಡಂ: ಅದನ್ನ ನೋಡಿ ಏನು ಸಿಗುತ್ತೆ? ಇಪ್ಪತ್ತೆರಡು ವರ್ಷದಿಂದ ನಾನೂ ನೋಡ್ತಿದ್ದೀನಿ.

ಕಚೇರಿಯೆಲ್ಲ ಗೊಳ್ಳೆಂದಿತು. ಪ್ರವೇಶದವರು ಬಿಸ್ಕತ್ತನ್ನು ಹೊರತೆಗೆದೇ ಬಿಟ್ಟರು. ಆ ಹೊತ್ತಿಗೆ ನನ್ನ ಬಲಗಡೆಯಿಂದ ಒಂದು ಉದ್ದನೆಯ ಕೈ ಬಂದು ಎರಡು ಕಾಗದ ಇಟ್ಟಿತು. ಹನ್ನೆರಡು ಹೆಸರು, ಹಾಜರಿ ನಾನು ನಿನ್ನೆ ತಾನೇ ನೋಡಿದ್ದೆ, ಎಲ್ಲರದ್ದೂ ಸರಿಯಿತ್ತು. ಮೇಡಂ ಮುಂದೇನು ಹೇಳುತ್ತಾರೋ ಅಂತ ಅತ್ತಲೇ ಕಿವಿಯಿಟ್ಟು ಸಹಿ ಹಾಕಿ ದೂಡಿದೆ. ಮುಂದಿನ ಎರಡು ಮೇಜಿನ ಸಹಿ ಆಗಲೇ ಬಿದ್ದಿತ್ತು. ಅಂಕಪಟ್ಟಿಯವರೂ ಹಾಗೇ ಮಾಡಿದರಂತೆ. ಬೆನ್ನ ಹಿಂದಿನಿಂದ ಯಾರು ಕೊಟ್ಟರು ಅಂತ ತಿರುಗಿಯೂ ನೋಡಲಿಲ್ಲವಂತೆ.

ಮೇಷ್ಟ್ರು: ಇನ್ನೂ ಏನಾದ್ರೂ ಇದ್ಯಾ?

ಮೇಡಂ: ಇದೆ. ಒಂದು ಸಲ ‘ಇಲ್ಲ’ ಅಂದ ತಕ್ಷಣ ವಾಪಸ್ ಹೋಗ್ಬಾರ್ದು. ತಳ್ಳಿದ ಕಾಗದ ಕೆಳಗೆ ಬೀಳುತ್ತಲ್ಲ, ಅದನ್ನ ನಾವ್ಯಾರೂ ಎತ್ಕೊಳ್ಳಲ್ಲ. ಯಾರು ಎತ್ಬೇಕು ಅಂತಾನೇ ನಮ್ಮಲ್ಲಿ ಗೊತ್ತಿರಲ್ಲ. ಗಟ್ಟಿಗರು ಅಲ್ಲೇ ನಿಂತು ಎತ್ತಿ ಮತ್ತೆ ಮುಂದಿಡ್ತಾರೆ.

ಮೇಷ್ಟ್ರು: ಗುರಿ ತಪ್ಪಿದ ಚೆಂಡು! ಹೌದು, ಜೋನ್‌ನಲ್ಲಿ ಅದನ್ನ ಹಿಡಿಯೋಕೆ ಇಂಥವರೇ ಅಂತ ಇರಲ್ಲ! ಅಲ್ಲ, ಇಷ್ಟೆಲ್ಲ ಗೊತ್ತಿದ್ದೂ ಮೂರು ವರ್ಷದಿಂದ ಯಾಕೆ ಹೇಳಿಲ್ಲ?

ಮೇಡಂ: ನೀವು ಯಾಕೆ ಕೇಳಿಲ್ಲ? ಸೋತು ಬಂದು ಮೂರು ದಿನ ಬಾಯಿಗೆ ಬೀಗ ಹಾಕ್ಕೋತೀರಿ. ಏನಾಯ್ತು ಅಂದ್ರೆ ‘ನಿನಗೆ ಅರ್ಥ ಆಗಲ್ಲ’ ಅಂತೀರಿ. ಅರ್ಥ ಆಗಲ್ವಾ ನನಗೆ?

ಮೇಷ್ಟ್ರು ಅಂಗೈಯ ಬರಹದಿಂದ ತಲೆಯೆತ್ತಿದರು. ಗಡಿಯಾರ ನೋಡಿದರು. ಮೂರೂ ಮುಕ್ಕಾಲಾಗಿತ್ತು.

ಮೇಷ್ಟ್ರು: ತಪ್ಪು ನಂದೇ. ಆದ್ರೆ ಈಗ ಅರ್ಥ ಆಗಿ ಏನು ಬಂತು? ಪಟ್ಟಿ ಇಲ್ಲ, ಪಂದ್ಯ ಇಲ್ಲ. ಒಂದೇ ಒಂದು ಸಲ ಆ ಗೀಚಿದ ಪಟ್ಟಿಗೇ ಸೀಲು ಹಾಕಿಬಿಡು. ಗಂಡ ಅಂತ ಅಲ್ಲ, ಆ ಹುಡುಗೀರ ಮುಖ ನೋಡಿ.

ಮೇಡಂ: ಗೀಚಿದ್ದಕ್ಕೆ ಹಾಕಲ್ಲ. ಹೆಂಡತಿ ಅಂತ ಸಲಿಗೆ ತೋರಿಸಿದ್ರೆ ನಾಳೆ ಈ ನಾಲ್ಕು ಜನ ನನ್ನ ತಲೆ ಮೇಲೆ ಕೂರ್ತಾರೆ. ಇವತ್ತು ಈ ಸೀಲು ಬೀಳಲ್ಲ (ದಡ್!) ಅಂದ್ರೆ ಬೀಳಲ್ಲ! (ದಡ್!)

ಸೀಲಿನ ಎರಡನೇ ಏಟು ಬಿದ್ದದ್ದೇ ತಡ, ಮೇಡಂ ಕೈಕೆಳಗಿನಿಂದ ಉದ್ದನೆಯ ಕೈಯೊಂದು ಎರಡು ಕಾಗದಗಳನ್ನು ಸರ್ರನೆ ಎಳೆದುಕೊಂಡಿತು.

ಏಣಿ: ಥ್ಯಾಂಕ್ಸ್ ಮೇಡಂ. ಎರಡು ಪ್ರತಿಗೂ ಬಿತ್ತು.

ಮೇಷ್ಟ್ರು: ಏಯ್, ನೀನು ಒಳಗೆ ಹೇಗೆ ಬಂದೆ?

ಏಣಿ: ಹಿಂದಿನ ಬಾಗಿಲಿಂದ ಸಾರ್. ಮೇಡಂ ಹೇಳಿದ ಹಾಗೆ ಫಿಲ್ಟರ್ ಹತ್ರ ನಿಂತೆ, ಯಾರೂ ಕೇಳಲಿಲ್ಲ. ನಮೂನೆ ಅಲ್ಲೇ ಇತ್ತು, ಅಲ್ಲೇ ಬರೆದೆ. ಎಲ್ಲರೂ ನಿಮ್ಮಿಬ್ಬರನ್ನೇ ನೋಡ್ತಿದ್ರು. ನಾಳೆ ಒಂದು ಕಡೆ ನಿಮ್ಮಿಬ್ಬರ ಜಗಳದ ಥರ ಎಲ್ಲರ ಕಣ್ಣು ಸೆಳೆಯೋ ಹಾಗೆ ಚೆಂಡು ಆಡಿಸ್ತೀವಿ ಸಾರ್, ಇನ್ನೊಂದು ಕಡೆಯಿಂದ ನಾನು ಬರ್ತೀನಿ.

ಅಂದವಳೇ ಬಾಗಿಲಿಗೆ ತಲೆ ತಗ್ಗಿಸಿ ಓಡಿದಳು. ಹದಿನೈದು ನಿಮಿಷ ಅವಳ ಕಾಲಿಗೆ ಧಾರಾಳವಾಯಿತು. ಮೇಷ್ಟ್ರು ಸೀಟಿ ಬಾಯಿಗಿಟ್ಟು ಕಚೇರಿಯ ಗಾಜು ಅದುರುವಂತೆ ಊದಿದರು.

ನನಗೆ ಮಾತ್ರ ಒಂದು ಅನುಮಾನ ಇವತ್ತಿಗೂ ಉಳಿದಿದೆ. ಸಿಟ್ಟಿನಲ್ಲಿ ಕುಟ್ಟಿದ ಸೀಲು ಓರೆಯಾಗಿ ಬೀಳುತ್ತದೆ, ಹದಿನೆಂಟು ವರ್ಷದಿಂದ ನೋಡಿದ್ದೇನೆ. ಏಣಿ ಎಳೆದುಕೊಳ್ಳುವಾಗ ಕಣ್ಣು ಹಾಯಿಸಿದೆ. ಎರಡು ಪ್ರತಿಯಲ್ಲೂ ಸೀಲು ಗೆರೆಯ ಮೇಲೇ ನೆಟ್ಟಗೆ ಕೂತಿತ್ತು. ಕೆಳಗೆ ಮೇಡಂ ಸಹಿ ಬೇರೆ ಇತ್ತು, ತಾರೀಕಿನ ಸಮೇತ.

ಮೇಷ್ಟ್ರು: ನೋಡಿದ್ಯಾ! ನಿನ್ನ ಜೋನು ಮುರೀತು!

ಮೇಡಂ: ನಾಳೆ ಅವರದ್ದು ಮುರೀರಿ, ಆಮೇಲೆ ಕುಣೀರಿ.

ಮೇಷ್ಟ್ರು: ಅಕಸ್ಮಾತ್ ಸೋತ್ರೆ?

ಮೇಡಂ: (ಸೀಲನ್ನು ಖಾನೆಯೊಳಗಿಟ್ಟು ಬೀಗ ಹಾಕುತ್ತಾ) ಸೋತು ಬಂದು ಮತ್ತೆ ಮೂರು ದಿನ ಬಾಯಿ ಮುಚ್ಕೊಂಡು ಕೂತ್ರೆ ಒಂದು ನೆನಪಿಟ್ಕೊಳ್ಳಿ. ಇಲ್ಲಿ ಐದು ಜನ ಇದ್ವಿ, ಸಂದಿ ನೋಡಿ ನುಸುಳಿದ್ರಿ. ಮನೇಲಿ ಜೋನು ಇಲ್ಲ ರೀ. ಅಲ್ಲಿ ಆಳಿಗೊಂದು ಆಳು.